ತಾಳೆ ನೋಡಿದ್ಯಾ?

ಅಮ್ಮ ಊರಿಂದ ಬರುವಾಗ ಅಪ್ಪನ ಫೋಟೋ ತಂದಿದ್ದಳು. ತೀರ್ಥಹಳ್ಳಿಯ ಮನೆಯ ಗೋಡೆಯ ಮೇಲಿರುವ ಫೋಟೋದ ಇನ್ನೊಂದು ಪ್ರತಿ. ಎರಡು ರಟ್ಟಿನ ನಡುವೆ ಇಟ್ಟು, ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ, ಹಪ್ಪಳದ ಡಬ್ಬಿಯ ಕೆಳಗೆ ಸೂಟ್‌ಕೇಸಿನ ತಳದಲ್ಲಿ ಇಟ್ಟುಕೊಂಡಿದ್ದಳು. "ಗಾಜು ಹಾಕಿಸಿದ್ರೆ ವಿಮಾನದಲ್ಲಿ ಒಡೆದೋಗತ್ತೆ ಅಂದ ನಿಮ್ಮಣ್ಣ. ಇಲ್ಲೇ ಒಂದು ಫ್ರೇಮ್ ಹಾಕಿಸೋ. ತಿಥಿ ದಿನಕ್ಕಾದ್ರೂ ಗೋಡೆ ಮೇಲಿರ್ಲಿ" ಅಂದಳು.

ತಿಥಿಗೆ ಇನ್ನು ಮೂರು ವಾರ ಇತ್ತು. ಅದನ್ನು ಮಾಡುವುದು ಊರಲ್ಲಿ ಅಣ್ಣ. ಇಲ್ಲಿ ನಾರ್ತ್ ಕೆರೋಲಿನಾದಲ್ಲಿ ನಾನು ಮಾಡಬಹುದಾದದ್ದು ಫೋಟೋಕ್ಕೊಂದು ಹೂವು ಇಡುವುದಷ್ಟೇ. ಅಪ್ಪ ಹೋದಾಗಲೂ ನಾನು ಊರು ಮುಟ್ಟಿದ್ದು ಮೂರನೆಯ ದಿನ. ಅದೆಲ್ಲ ಮನಸ್ಸಿನಲ್ಲಿತ್ತೋ ಏನೋ, "ಹಾಕಿಸೋದೇನು ಬಂತು, ನಾನೇ ಮಾಡ್ತೀನಿ" ಅಂದುಬಿಟ್ಟೆ.

ಹಾಗೆ ಅನ್ನುವುದಕ್ಕೆ ಒಂದು ಆಧಾರವಿತ್ತು. ಎರಡು ವರ್ಷದ ಹಿಂದೆ ಗ್ಯಾರೇಜಿಗೆ ಒಂದು ಟೇಬಲ್ ಸಾ ತಂದಿದ್ದೆ. ಹೆಸರು ಕೇಳಿ ಅಮ್ಮ ಬೆಚ್ಚಿದಳು. "ಥೂ, ಸಾ ಅಂತ ಯಾಕೋ ಅಂತೀಯ!" ಆಮೇಲೆ ನಾವಿಬ್ಬರೂ ಅದನ್ನು ಗರಗಸದ ಮೇಜು ಅಂತಲೇ ಕರೆದೆವು. ನಿಜಕ್ಕೂ ಅದು ಅಷ್ಟೇ. ಒಂದು ಮೇಜು, ನಡುವೆ ತಲೆಯೆತ್ತಿ ತಿರುಗುವ ದುಂಡನೆಯ ಗರಗಸ. ನನ್ನದು ಮಡಚಿ ಗೋಡೆಗೆ ಒರಗಿಸಿಡಬಹುದಾದ ಚಿಕ್ಕ ಜಾತಿಯದು. ಕಟ್ಟಡದ ಕೆಲಸದವರು ವ್ಯಾನಿನಲ್ಲಿ ಹೇರಿಕೊಂಡು ಹೋಗುತ್ತಾರಲ್ಲ, ಅಂಥದ್ದು.

ಮೇಜಿನ ಮೇಲೆ ಗರಗಸದ ಎರಡೂ ಬದಿಗೆ ಉದ್ದಕ್ಕೆ ಒಂದೊಂದು ಜಾಡು ಇರುತ್ತದೆ. ಆ ಜಾಡಿನಲ್ಲಿ ಜಾರುವ ಲೋಹದ ಪಟ್ಟಿ, ಪಟ್ಟಿಯ ಮೇಲೆ ಕೋನಮಾಪಕದಂಥ ಅರೆವೃತ್ತದ ತಲೆ. ಇದಕ್ಕೆ ಮೈಟರ್ ಗೇಜ್ ಅನ್ನುತ್ತಾರೆ. ತಲೆಯನ್ನು ಬೇಕಾದ ಕೋನಕ್ಕೆ ತಿರುಗಿಸಿ, ಬಿಗಿ ಮಾಡಿ, ಮರವನ್ನು ಅದಕ್ಕೆ ಒರಗಿಸಿ ಮುಂದೆ ತಳ್ಳಿದರೆ ಮರ ಆ ಕೋನದಲ್ಲಿ ತುಂಡಾಗಬೇಕು. ಫೋಟೋ ಚೌಕಟ್ಟಿಗೆ ಬೇಕಾದ್ದು 45 ಡಿಗ್ರಿ. ನಾಲ್ಕು ಪಟ್ಟಿ, ಎಂಟು ತುದಿ, ಎಂಟೂ 45.

ವಾಲ್ನಟ್ ಮರದ ಪಟ್ಟಿ ತಂದು, ಗೇಜನ್ನು 45ರ ಗೆರೆಗೆ ನಿಲ್ಲಿಸಿ ಕತ್ತರಿಸಿದೆ. ಜೋಡಿಸಿದೆ. ಮೂರು ಮೂಲೆ ಕೂಡಿತು. ನಾಲ್ಕನೆಯದು ಬಾಯಿ ಬಿಟ್ಟಿತು. ಅದನ್ನು ಒತ್ತಿ ಮುಚ್ಚಿದರೆ ಎದುರಿನದು ಬಾಯಿ ಬಿಟ್ಟಿತು. ಅಮ್ಮ ನೋಡಿ, "ಅಂಗಡೀಲಿ ಸಿಗಲ್ವೇನೋ ಇದು?" ಅಂದಳು.

ಲೆಕ್ಕ ಸುಲಭ. ಪ್ರತಿ ತುದಿಯಲ್ಲಿ ಅರ್ಧ ಡಿಗ್ರಿ ತಪ್ಪಿದರೂ ಎಂಟು ತುದಿ ಸೇರಿ 4 ಡಿಗ್ರಿ. ಮೊದಲ ಮೂರು ಮೂಲೆಗಳನ್ನು ಬಲವಂತವಾಗಿ ಕೂಡಿಸಿದರೆ ಅವುಗಳ ಸಾಲವನ್ನೆಲ್ಲ ಕೊನೆಯ ಮೂಲೆ ತೀರಿಸುತ್ತದೆ. ಅರ್ಧ ಡಿಗ್ರಿ ಕಣ್ಣಿಗೆ ಕಾಣುವುದಿಲ್ಲ. 4 ಡಿಗ್ರಿ ಬಾಗಿಲಲ್ಲಿ ನಿಂತವರಿಗೂ ಕಾಣುತ್ತದೆ.

ಗೇಜನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿದೆ. ಜಾಡಿನೊಳಗೆ ಪಟ್ಟಿ ಸಡಿಲ ಹಲ್ಲಿನ ಹಾಗೆ ಆಚೀಚೆ ಆಡುತ್ತಿತ್ತು. ಕೋನದ ಗೆರೆಗಳು ಬಣ್ಣದಲ್ಲಿ ಬಳಿದವು. 45ರ ಗೆರೆ ಎಷ್ಟು ದಪ್ಪವೆಂದರೆ ಅದರೊಳಗೇ ಅರ್ಧ ಡಿಗ್ರಿ ಕೂತಿತ್ತು. ತಲೆಯ ಅಗಲ ಅಂಗೈಯಷ್ಟು, ಉದ್ದದ ಪಟ್ಟಿಯನ್ನು ಅದಕ್ಕೆ ಒರಗಿಸಿದರೆ ತುದಿ ತೂಗಾಡುತ್ತಿತ್ತು. ಇಂಥ ಗರಗಸಗಳ ಜೊತೆ ಬಿಟ್ಟಿಯಾಗಿ ಬರುವ ಗೇಜುಗಳು ಸಾಮಾನ್ಯವಾಗಿ ಹೀಗೇ.

ಸರಿ, ಒಳ್ಳೆಯದೊಂದನ್ನು ಕೊಳ್ಳೋಣ ಅಂತ ಹೊರಟೆ. ನಾಲ್ಕೈದು ರಾತ್ರಿ ಅದರಲ್ಲೇ ಕಳೆದವು. ಮೈಟರ್ ಗೇಜ್‌ಗಳದ್ದೇ ಒಂದು ಲೋಕವಿದೆ. ಇಂಕ್ರಾ ಕಂಪನಿಯ ವಿ27 ಅನ್ನುವುದರಲ್ಲಿ 27 ಕಡೆ ಹಲ್ಲು ಕೊರೆದಿರುತ್ತಾರೆ. ನೇರದಿಂದ ಎರಡೂ ಕಡೆ 60 ಡಿಗ್ರಿಯ ತನಕ ಐದೈದು ಡಿಗ್ರಿಗೊಂದು, ಜೊತೆಗೆ ಎರಡು ಕಡೆ 22.5. ತಲೆ ಆ ಹಲ್ಲಿಗೆ ಕಚ್ಚಿಕೊಂಡರೆ ಗೆರೆ ನೋಡುವ ಕೆಲಸವೇ ಇಲ್ಲ. ಆಸ್ಬೋರ್ನ್ ಅನ್ನುವುದು ತ್ರಿಕೋನದ ಹಾಗಿದೆ. ಉದ್ದದ ಆಸರೆಯನ್ನು ಹಿಂದಿನಿಂದ ಒಂದು ತೋಳು ಹಿಡಿದಿರುತ್ತದೆ. ತ್ರಿಕೋನ ಅಲುಗುವುದಿಲ್ಲ ಅನ್ನುವುದನ್ನು ಅಪ್ಪ ಬಿದಿರುಕಡ್ಡಿ ಕಟ್ಟಿ ತೋರಿಸಿದ್ದ.

ಆದರೆ ಚಿಕ್ಕ ಮೇಜಿಗೆ ಅದರದ್ದೇ ಕಷ್ಟಗಳಿವೆ. ನನ್ನ ಮೇಜಿನಲ್ಲಿ ಗರಗಸದ ಮುಂದೆ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು ಜಾಗ. ಅಗಲದ ಹಲಗೆ ಇಟ್ಟರೆ ಗೇಜಿನ ತಲೆ ಮೇಜಿನಿಂದ ಆಚೆ ನೇತಾಡುತ್ತದೆ, ಜಾಡಿನಲ್ಲಿ ಉಳಿಯುವುದು ಪಟ್ಟಿಯ ಮೂತಿ ಮಾತ್ರ. ತಲೆ ಭಾರವಾದಷ್ಟೂ ಅದು ಬಗ್ಗುತ್ತದೆ. ದೊಡ್ಡ ಎರಕದ ಮೇಜಿನ ಮೇಲೆ ರಾಜನಂತೆ ಕೂರುವ ಗೇಜು ಇಲ್ಲಿ ಹೊರೆ. ಜಾಡಿನ ಅಳತೆಯನ್ನೂ ನೋಡಬೇಕು. ಸಾಮಾನ್ಯವಾಗಿ ಮುಕ್ಕಾಲು ಇಂಚು ಅಗಲ, ಅದರ ಅರ್ಧದಷ್ಟು ಆಳ. ಎಲ್ಲ ಚಿಕ್ಕ ಗರಗಸಗಳೂ ಈ ಅಳತೆಗೆ ಬದ್ಧವಾಗಿರುವುದಿಲ್ಲ. ನಾನು ಅಳೆದು, ಎರಡನೆಯ ಸಲ ಅಳೆದು, ಮಧ್ಯಮ ಗಾತ್ರದ್ದೊಂದನ್ನು ತರಿಸಿದೆ. ಪಟ್ಟಿಯ ಅಗಲವನ್ನು ಸ್ಕ್ರೂ ತಿರುಗಿಸಿ ಕೂದಲೆಳೆಯಷ್ಟು ಹಿಗ್ಗಿಸಬಹುದು. ಜಾಡಿನಲ್ಲಿ ಆಟವೇ ಇಲ್ಲ. 45ಕ್ಕೆ ತಿರುಗಿಸಿದರೆ ಟಕ್ ಅಂತ ಕೂರುತ್ತದೆ. ಗರಗಸಕ್ಕೆ ಕೊಟ್ಟ ದುಡ್ಡಿನ ಕಾಲುಭಾಗ ಅದಕ್ಕೇ ಹೋಯಿತು. ಅಮ್ಮನಿಗೆ ಬೆಲೆ ಹೇಳಲಿಲ್ಲ.

ಮೂಲೆಮಟ್ಟವನ್ನು ಗರಗಸದ ಅಲಗಿಗೆ ಒತ್ತಿಹಿಡಿದು ಗೇಜಿನ ಸೊನ್ನೆಯನ್ನು ಹೊಂದಿಸಿದೆ. ಎರಡನೆಯ ಚೌಕಟ್ಟು ಕತ್ತರಿಸಿದೆ. ನಾಲ್ಕನೆಯ ಮೂಲೆ ಈ ಸಲವೂ ಬಿಟ್ಟುಕೊಂಡಿತು. ಕಡಿಮೆ, ಆದರೂ ಉಗುರು ಹೋಗುವಷ್ಟು. ಕತ್ತರಿಸಿದ ಮುಖದ ಮೇಲೆ ಸುಟ್ಟ ಕಲೆ ಬೇರೆ.

ಗ್ಯಾರೇಜಿನ ಮೆಟ್ಟಿಲ ಮೇಲೆ ಕೂತು ಬೀನ್ಸ್ ಮುರಿಯುತ್ತಿದ್ದ ಅಮ್ಮ ಕೇಳಿದಳು, "ತಾಳೆ ನೋಡಿದ್ಯಾ?"

ಅದು ಅಪ್ಪನ ಮಾತು. ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಉತ್ತರ ಸರಿಯಾ ಅಂತ ಅವನು ಯಾವತ್ತೂ ಕೇಳಿದವನಲ್ಲ. ಭಾಗಾಕಾರ ಮಾಡಿ ಸ್ಲೇಟು ತೋರಿಸಿದರೆ, ಭಾಗಲಬ್ಧವನ್ನು ಭಾಜಕದಿಂದ ಗುಣಿಸಿ ಶೇಷ ಕೂಡಿಸಿದ್ಯಾ, ತಾಳೆ ಬಂತಾ ಅಂತ ಕೇಳುತ್ತಿದ್ದ. ಬಂತು ಅಂದರೆ ಸ್ಲೇಟನ್ನು ನೋಡುತ್ತಲೂ ಇರಲಿಲ್ಲ. ನನಗೆ ಆಗ ಅದು ಮೇಷ್ಟ್ರ ಸೋಮಾರಿತನ ಅನ್ನಿಸುತ್ತಿತ್ತು.

ಗರಗಸದ ಪ್ಲಗ್ ಕಿತ್ತು, ಒಂದು ಹಲ್ಲಿಗೆ ಪೆನ್ನಿನಲ್ಲಿ ಗುರುತು ಹಾಕಿದೆ. ಜಾಡಿನಿಂದ ಆ ಹಲ್ಲಿಗೆ ಎಷ್ಟು ದೂರ ಅಂತ ಮುಂದುಗಡೆ ಅಳೆದೆ. ಅದೇ ಹಲ್ಲನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಅಳೆದೆ. ಅರ್ಧ ಮಿಲಿಮೀಟರ್ ವ್ಯತ್ಯಾಸ. ಅಂದರೆ ಅಲಗು ಜಾಡಿಗೆ ಸಮಾನಾಂತರವಾಗಿರಲಿಲ್ಲ. ನಾನು ಗೇಜನ್ನು ಅಲಗಿಗೆ ಹೊಂದಿಸಿದ್ದೆ. ಆದರೆ ಮರ ಸಾಗುವುದು ಜಾಡಿನ ಗುಂಟ. ಹೊಸ ಗೇಜು ನಾನು ಹೇಳಿದ ಹಾಗೇ ಕೇಳಿತ್ತು. ನಾನು ಹೇಳಿದ್ದೇ ತಪ್ಪಾಗಿತ್ತು. ಹಲ್ಲುಗಳ ಹಿಂಬದಿ ಮರವನ್ನು ಉಜ್ಜಿ ಸುಟ್ಟ ಕಲೆಯೂ ಅದರಿಂದಲೇ. ಬೋಲ್ಟು ಸಡಿಲಿಸಿ ಅಲಗನ್ನು ನೆಟ್ಟಗೆ ಮಾಡುವಷ್ಟರಲ್ಲಿ ಕತ್ತಲಾಯಿತು.

ಮಾರನೆಯ ದಿನ ಬಡಗಿಗಳ ಒಂದು ಹಳೆಯ ಉಪಾಯ ಮಾಡಿದೆ. ಪ್ಲೈವುಡ್ ತುಂಡಿನ ಒಂದು ಬದಿ ಕತ್ತರಿಸುವುದು. ಕತ್ತರಿಸಿದ ಬದಿಯನ್ನು ಗೇಜಿಗೆ ಒರಗಿಸಿ ಮುಂದಿನ ಬದಿ ಕತ್ತರಿಸುವುದು. ಹೀಗೆ ನಾಲ್ಕೂ ಬದಿ ಸುತ್ತಿ, ಐದನೆಯ ಸಲ ಮೊದಲ ಬದಿಯಿಂದಲೇ ಒಂದು ಸಣ್ಣ ಪಟ್ಟಿ ತೆಗೆಯುವುದು. ಆ ಪಟ್ಟಿಯ ಎರಡು ತುದಿಗಳ ಅಗಲ ಅಳೆದರೆ ಗೇಜಿನ ತಪ್ಪು ನಾಲ್ಕು ಪಟ್ಟು ದೊಡ್ಡದಾಗಿ ಕಾಣುತ್ತದೆ. ನನ್ನ 300 ಮಿಲಿಮೀಟರ್ ಉದ್ದದ ಪಟ್ಟಿಯಲ್ಲಿ 1.2 ಮಿಲಿಮೀಟರ್ ವ್ಯತ್ಯಾಸ ಬಂತು. ಮತ್ತೊಮ್ಮೆ ಮಾಡಿದೆ, ಅದೇ 1.2. ನಾಲ್ಕರಿಂದ ಭಾಗಿಸಿದರೆ 0.3. ಅಷ್ಟು ತಿದ್ದಿದೆ.

ಹಳೆಯ ಗೇಜಿನಲ್ಲೂ ಕುತೂಹಲಕ್ಕೆ ಮೂರು ಸಲ ಇದನ್ನೇ ಮಾಡಿ ನೋಡಿದೆ. ಮೂರು ಸಲವೂ ಮೂರು ಉತ್ತರ. ಆಗ ನಾನು ದುಡ್ಡು ಕೊಟ್ಟದ್ದು ಯಾತಕ್ಕೆ ಅನ್ನುವುದು ತಿಳಿಯಿತು. ಹೊಸದೂ ತಪ್ಪಿತ್ತು, ಆದರೆ ಪ್ರತಿಸಲ ಒಂದೇ ತಪ್ಪು ಮಾಡುತ್ತಿತ್ತು. ಒಂದೇ ತಪ್ಪಾದರೆ ತಿದ್ದಬಹುದು. ಉತ್ತರ ಪತ್ರಿಕೆ ತಿದ್ದುವಾಗ ಅಪ್ಪ ಕೆಲವೊಮ್ಮೆ ಖುಷಿಯಾಗಿ, "ನೋಡು, ಇವನು ಹತ್ತೂ ಲೆಕ್ಕದಲ್ಲಿ ಒಂದೇ ಕಡೆ ಎಡವಿದಾನೆ. ಇವನಿಗೆ ಹೇಳಿಕೊಡೋಕೆ ಐದು ನಿಮಿಷ ಸಾಕು" ಅನ್ನುತ್ತಿದ್ದ. ಹತ್ತು ಲೆಕ್ಕದಲ್ಲಿ ಹತ್ತು ಕಡೆ ಎಡವುವ ನನ್ನ ಪತ್ರಿಕೆ ತಿದ್ದುವಾಗ ಸುಮ್ಮನಿರುತ್ತಿದ್ದ.

ಹಳೆಯ ಗೇಜನ್ನು ಎಸೆಯಲಿಲ್ಲ. ಪಟ್ಟಿಯ ಬದಿಗೆ ತೆಳ್ಳನೆ ಟೇಪ್ ಅಂಟಿಸಿದರೆ ಆಟ ನಿಲ್ಲುತ್ತದೆ. ತಲೆಗೆ ಉದ್ದದ ಮರದ ಹಲಗೆ ಸ್ಕ್ರೂ ಹಾಕಿದರೆ ನೇರ ಕೊಯ್ತಕ್ಕೆ ಸಾಕು. ಕೊಳ್ಳಲು ಹೊರಟವರಿಗೆ ನಾನು ಹೇಳುವುದಾದರೆ, ಮೊದಲು ಅಲಗು ಮತ್ತು ಜಾಡಿನ ನಡುವೆ ಅಳೆಯಿರಿ, ಟೇಪ್ ಹಚ್ಚಿ ನೋಡಿ. ಆಮೇಲೂ ಬೇಕು ಅನ್ನಿಸಿದರೆ ಕೊಳ್ಳಿ.

ಮೂರನೆಯ ಚೌಕಟ್ಟಿಗೆ ಮೊದಲು ರದ್ದಿ ಹಲಗೆಯಲ್ಲಿ ಪುಟ್ಟದೊಂದನ್ನು ಕತ್ತರಿಸಿ ತಾಳೆ ನೋಡಿದೆ. ನಾಲ್ಕೂ ಮೂಲೆ ಕೂಡಿದವು. ಎದುರುಬದುರು ಪಟ್ಟಿಗಳು ಒಂದೇ ಉದ್ದ ಬರಲು ಗೇಜಿನ ಆಸರೆಗೆ ಒಂದು ಮರದ ತುಂಡನ್ನು ಬಿಗಿದೆ. ಆ ಕೆಲಸಕ್ಕೆ ಮೇಜಿನ ಬೇಲಿಯನ್ನೇ ಬಳಸುವ ಆಸೆ ಎಲ್ಲರಿಗೂ ಆಗುತ್ತದೆ. ಬಳಸಬಾರದು. ತುಂಡಾದ ಮರ ಬೇಲಿಗೂ ಅಲಗಿಗೂ ನಡುವೆ ಸಿಕ್ಕಿ ಕಲ್ಲಿನ ಹಾಗೆ ನಮ್ಮ ಕಡೆಗೇ ಹಾರುತ್ತದೆ. ನನ್ನ ಗ್ಯಾರೇಜಿನ ಬಾಗಿಲಲ್ಲಿ ಅದರ ಗುರುತೊಂದಿದೆ. ಅರ್ಧ ಅಡಿ ಈಚೆ ನಾನು ನಿಂತಿದ್ದೆ.

ತಿಥಿಯ ಹಿಂದಿನ ರಾತ್ರಿ ಅಂಟು ಹಾಕಿ ಕಟ್ಟಿದೆ. ಬೆಳಿಗ್ಗೆ ಗಾಜು, ಫೋಟೋ ಕೂರಿಸಿದೆ. ಅಮ್ಮ ಕನ್ನಡಕ ಏರಿಸಿಕೊಂಡು ನಾಲ್ಕೂ ಮೂಲೆಯ ಮೇಲೆ ಬೆರಳು ಎಳೆದು ನೋಡಿದಳು. ಏನೂ ಅನ್ನಲಿಲ್ಲ. ಊರಲ್ಲಿ ಆಗ ಸಂಜೆ, ಅಣ್ಣ ತಿಥಿ ಮುಗಿಸಿ ಫೋನ್ ಮಾಡಿದ್ದ.

ಮೊಳೆ ಹೊಡೆದು ಫೋಟೋ ತೂಗುಹಾಕಿ ಹಿಂದೆ ಸರಿದೆ.

"ಎಡಕ್ಕೆ ಒಂಚೂರು ಇಳಿದಿದೆ" ಅಂದಳು ಅಮ್ಮ.

"ಇಲ್ಲಮ್ಮ, ಸರಿಯಾಗೇ ಇದೆ."

ಅವಳು ಮತ್ತೆ ಅದೇ ಪ್ರಶ್ನೆ ಕೇಳುವ ಮೊದಲೇ ಗ್ಯಾರೇಜಿಗೆ ಹೋಗಿ ರಸಮಟ್ಟ ತಂದು ಚೌಕಟ್ಟಿನ ಮೇಲಿಟ್ಟೆ. ಗುಳ್ಳೆ ಬಲಕ್ಕೆ ಸರಿದು ನಿಂತಿತು. ಎಡಗಡೆ ಇಳಿದಿತ್ತು. ಅಮ್ಮ ಹೂವಿನ ಬುಟ್ಟಿ ಹಿಡಿದುಕೊಂಡು, ನಾನು ಸರಿ ಮಾಡುವ ತನಕ ಕಾದಳು.