ಮಗನ ಬೀರುವಿನಲ್ಲಿ ಜಪಾನು

ಒಂದೊಂದು ಮನೆಗೆ ಒಂದೊಂದು ಹುಚ್ಚು. ಕೆಲವರಿಗೆ ಸ್ಟೀಲ್ ಪಾತ್ರೆ ಕೂಡಿಹಾಕುವುದು, ಕೆಲವರಿಗೆ ಸೀರೆ, ಇನ್ನು ಕೆಲವರಿಗೆ ಮನೆಗೆ ಬಂದವರನ್ನೆಲ್ಲ ಕೂರಿಸಿ ಮದುವೆ ಆಲ್ಬಂ ತೋರಿಸುವುದು. ನಮ್ಮವರಿಗೆ ಹಳೇ ರಸೀದಿಗಳನ್ನು ತಂತಿಗೆ ಚುಚ್ಚಿಡುವ ಹುಚ್ಚು. 1989ನೇ ಇಸವಿಯ ಕರೆಂಟ್ ಬಿಲ್ ಕೇಳಿದರೂ ಐದು ನಿಮಿಷದಲ್ಲಿ ತೆಗೆದುಕೊಡುತ್ತಾರೆ. ಆದರೆ ನಮ್ಮ ಮಗರಾಯನ ಹುಚ್ಚು ಮಾತ್ರ ನಮ್ಮ ಬೀದಿಯಲ್ಲಿ ಇನ್ಯಾರಿಗೂ ಇಲ್ಲ. ಅವನಿಗೆ ಹಳೇ ಕಾಲದ ವಿಡಿಯೋ ಗೇಮುಗಳು, ಜಪಾನಿನ ಕಾರ್ಟೂನ್ ಚಿತ್ರಗಳ ಡಿಸ್ಕುಗಳು. ಕಾರ್ಟೂನ್ ಅಂದರೆ ಅವನಿಗೆ ಮೂಗಿನ ತುದಿಯಲ್ಲಿ ಸಿಟ್ಟು. 'ಆನಿಮೆ' ಅನ್ನಬೇಕಂತೆ.

ವಯಸ್ಸೇನು ಕಡಿಮೆಯೇ? ಮೂವತ್ತೈದು. ಕೈಯಲ್ಲಿ ಒಳ್ಳೆಯ ಕೆಲಸವಿದೆ. ಬೀಡಿ, ಸಿಗರೇಟು, ಇಸ್ಪೀಟು ಯಾವುದೂ ಇಲ್ಲ. ಇದೊಂದೇ. ಈ ಒಂದೇ ಹುಚ್ಚು ಈ ವರ್ಷ ಮನೆ ಬಾಗಿಲಿಗೆ ಬಂದಿದ್ದ ಸಂಬಂಧವೊಂದನ್ನು ತಪ್ಪಿಸಿತು. ಆ ಕತೆಗೆ ಆಮೇಲೆ ಬರುತ್ತೇನೆ.

ಇದು ಶುರುವಾದದ್ದು 1998ರ ಸುಮಾರಿಗೆ. ಪರೀಕ್ಷೆಯಲ್ಲಿ ಒಳ್ಳೆ ಮಾರ್ಕು ತೆಗೆದನೆಂದು ನಮ್ಮವರು ಟಿ.ವಿ.ಗೆ ಸಿಕ್ಕಿಸುವ ಆಟದ ಪೆಟ್ಟಿಗೆ ತಂದುಕೊಟ್ಟರು. ಕ್ಯಾಸೆಟ್ಟಿನ ಮೇಲೆ ಸಾವಿರಾರು ಆಟ ಅಂತ ಬರೆದಿತ್ತು, ಒಳಗಿದ್ದದ್ದು ಹತ್ತಿಪ್ಪತ್ತು. ಅವನ್ನೇ ತಿರುಗಾಮುರುಗಾ ತೋರಿಸುತ್ತಿತ್ತು. ಆದರೂ ಮೀಸೆಯ ಮಾರಿಯೋ ಹಾರುತ್ತಿದ್ದರೆ ಬೀದಿಯ ಮಕ್ಕಳೆಲ್ಲ ನಮ್ಮ ನಡುಮನೆಯಲ್ಲೇ. ಆಮೇಲೆ ತಿಳಿಯಿತು, ಆ ಪೆಟ್ಟಿಗೆಗಳೆಲ್ಲ ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಹೊರತಂದ 'ಫ್ಯಾಮಿಕಾಮ್' ಎಂಬ ಯಂತ್ರದ ನಕಲುಗಳು. ಆ ಕಂಪನಿ ಹುಟ್ಟಿದ್ದು 1889ರಲ್ಲಿ, ಕ್ಯೋಟೊ ನಗರದಲ್ಲಿ. ಶುರುವಿಗೆ ಅವರು ಮಾಡುತ್ತಿದ್ದದ್ದು ಹೂವಿನ ಚಿತ್ರದ ಇಸ್ಪೀಟು ಎಲೆ! ಇಸ್ಪೀಟು ಆಡದ ಮಗನ ಮನೆದೇವರು ಕೊನೆಗೆ ಇಸ್ಪೀಟಿನವರೇ ಆದರು, ನೋಡಿ.

ಆನಿಮೆ ಅಂದರೆ ಏನೋ ದೂರದ್ದು ಅಂದುಕೊಳ್ಳಬೇಡಿ. ನಾವೂ ನೋಡಿದವರೇ. 1993ರಲ್ಲಿ ಭಾನುವಾರ ಬೆಳಗ್ಗೆ ದೂರದರ್ಶನದಲ್ಲಿ ಮೋಗ್ಲಿ ಬರುತ್ತಿದ್ದನಲ್ಲ, ಗುಲ್ಜಾರ್ ಬರೆದ ಹಾಡಿನ ಜತೆ? ಅದು 1989ರಲ್ಲಿ ಜಪಾನಿನಲ್ಲಿ ತಯಾರಾದದ್ದು. ದೋಸೆ ಹೆಂಚಿನ ಮೇಲೆ ಬಿಟ್ಟು ಓಡಿಬಂದು ನೋಡಿದವರು ನಮ್ಮಲ್ಲಿ ಎಷ್ಟು ಜನವಿಲ್ಲ!

ಈಗ ಭಾನುವಾರ ಮಧ್ಯಾಹ್ನ ಇವನ ನಾಲ್ಕು ಗೆಳೆಯರು ನಮ್ಮ ಮನೆಗೆ ಬರುತ್ತಾರೆ. ನಾನು ಒಗ್ಗರಣೆ ಅವಲಕ್ಕಿ, ಕಾಫಿ ಕೊಟ್ಟು ಅಲ್ಲೇ ಹೂ ಕಟ್ಟುತ್ತಾ ಕೂತಿರುತ್ತೇನೆ. ಆಟಕ್ಕಿಂತ ಜಗಳವೇ ಜಾಸ್ತಿ. ಬೀಗರ ಮನೆಯಲ್ಲಿ ಹೋಳಿಗೆಗೆ ತುಪ್ಪ ಸಾಲದೆಂದು ನಡೆಯುವ ಜಗಳ ಇದರ ಮುಂದೆ ಏನೂ ಅಲ್ಲ.

ಮೊದಲನೇ ಜಗಳ ಟಿ.ವಿ.ಯದು. ಹಳೇ ಆಟವನ್ನು ಹಳೇ ಡಬ್ಬಾ ಟಿ.ವಿ.ಯಲ್ಲೇ ಆಡಬೇಕು ಅಂತ ಇವನು, ಹೊಸ ಚಪ್ಪಟೆ ಟಿ.ವಿ.ಯೇ ಸ್ವಚ್ಛ ಅಂತ ಬ್ಯಾಂಕಿನಲ್ಲಿರುವ ಗೆಳೆಯ. ಬಾತುಕೋಳಿ ಹೊಡೆಯುವ ಆಟ ಒಂದಿದೆ, 1984ರದ್ದು. ಅದಕ್ಕೊಂದು ಪ್ಲಾಸ್ಟಿಕ್ ಬಂದೂಕು. ಕುದುರೆ ಎಳೆದೊಡನೆ ಪರದೆ ಒಂದು ಕ್ಷಣ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಮೂಡುತ್ತದೆ. ಬಂದೂಕಿನ ಮೂತಿಯಲ್ಲಿರುವ ಕಣ್ಣು ಆ ಬೆಳಕನ್ನು ಹಿಡಿದರೆ ಗುರಿ ತಾಗಿದ ಹಾಗೆ. ಹೊಸ ಟಿ.ವಿ.ಗಳು ಚಿತ್ರವನ್ನು ಒಂದಿಷ್ಟು ತಡೆದು ತೋರಿಸುವುದರಿಂದ ಆ ಕಣ್ಣಿಗೆ ಲೆಕ್ಕ ತಪ್ಪುತ್ತದೆ. ಬಾತುಕೋಳಿ ಸಾಯುವುದೇ ಇಲ್ಲ. ಹಾಗಾಗಿ ಗುಜರಿಯವನಿಗೆ ಹೋಗಬೇಕಿದ್ದ ನಮ್ಮ ಹಳೇ ಟಿ.ವಿ. ಇನ್ನೂ ಉಗ್ರಾಣದಲ್ಲಿ ಬೆಚ್ಚಗೆ ಕೂತಿದೆ.

ಆಟದ ಬೊಂಬೆಗಳ ವಿಷಯವೂ ಹಾಗೆಯೇ. 1981ರಲ್ಲಿ ಮಿಯಾಮೊಟೊ ಎಂಬುವರು ಮಾರಿಯೋನನ್ನು ಬರೆದಾಗ ಅವರಿಗೆ ಸಿಕ್ಕಿದ್ದು ಬೆರಳೆಣಿಕೆಯ ಚುಕ್ಕಿ. ಅಷ್ಟರಲ್ಲಿ ಬಾಯಿ ಬರೆಯಲಾಗದೆ ಮೀಸೆ ಇಟ್ಟರು, ಕೂದಲು ಬರೆಯಲಾಗದೆ ಟೋಪಿ ಹಾಕಿದರು. ಎಳೆ ಎಣಿಸಿ ಕಸೂತಿ ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಡಬ್ಬಾ ಟಿ.ವಿ.ಯಲ್ಲಿ ಆ ಚುಕ್ಕಿಗಳು ಒಂದರೊಳಗೊಂದು ಬೆರೆತು ಮುಖವಾಗುತ್ತವೆ, ಹೊಸದರಲ್ಲಿ ಬಿಡಿಬಿಡಿಯಾಗಿ ಇಟ್ಟಿಗೆಯ ಹಾಗೆ ಕಾಣುತ್ತವೆ. ರಂಗೋಲಿಗೆ ಮುಖ ತಾಗಿಸಿ ನೋಡಿದ ಹಾಗೆ. ಈ ಜಗಳದಲ್ಲಿ ನನ್ನ ಮತ ಮಗನಿಗೆ.

ಎರಡನೆಯದು ಬಣ್ಣದ ಜಗಳ. 'ಸ್ಪಿರಿಟೆಡ್ ಅವೇ' ಅಂತ ಮಿಯಾಜಾಕಿ ಅವರ ಚಿತ್ರ, 2001ರದ್ದು. ಯಾರದೋ ಅಂಗಡಿಯಲ್ಲಿ ಹೇಳದೆ ಕೇಳದೆ ಗಬಗಬ ತಿಂದ ಅಪ್ಪ ಅಮ್ಮ ಹಂದಿಗಳಾಗುತ್ತಾರೆ. ಅವರನ್ನು ಬಿಡಿಸಿಕೊಳ್ಳಲು ಹತ್ತು ವರ್ಷದ ಹುಡುಗಿ ಸ್ನಾನಗೃಹವೊಂದರಲ್ಲಿ ಕೂಲಿಗೆ ನಿಲ್ಲುತ್ತಾಳೆ. 2003ರಲ್ಲಿ ಆಸ್ಕರ್ ಬಂತು. 2002ರಲ್ಲಿ ಜಪಾನಿನಲ್ಲಿ ಇದರ ಡಿವಿಡಿ ಬಂದಾಗ ಇಡೀ ಚಿತ್ರ ಕೆಂಪಗೆ ಕಾಣುತ್ತದೆಂದು ಜನ ಗಲಾಟೆ ಎಬ್ಬಿಸಿದರು. ಕೊಂಡವರಲ್ಲಿ ಕೆಲವರು ಕೋರ್ಟಿಗೂ ಹೋದರು! ಆ ಕೆಂಪು ಹೋಗಿದ್ದು 2014ರ ಬ್ಲೂ-ರೇ ಡಿಸ್ಕಿನಲ್ಲಿ. "ಬಣ್ಣಕ್ಕೆ ಕೋರ್ಟಾ?" ಅಂತ ನಮ್ಮವರು ನಕ್ಕರು. ನಾನು ನಗಲಿಲ್ಲ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಕಂಡ ಸೀರೆ ಬಣ್ಣ ಮನೆಯ ಅಂಗಳದಲ್ಲಿ ಬೇರೆಯಾದರೆ ಹೊಟ್ಟೆಗೆ ಹೇಗಾಗುತ್ತದೆಂದು ಗಂಡಸರಿಗೆ ಏನು ಗೊತ್ತು?

ಕತ್ತರಿಯ ಜಗಳ ಇನ್ನೊಂದು. 2007ರಲ್ಲಿ ಅಮೆರಿಕದಲ್ಲಿ 'ಡ್ರ್ಯಾಗನ್ ಬಾಲ್ ಜಡ್' ಡಿವಿಡಿ ಹೊರಬಂದಾಗ, ಅಗಲದ ಟಿ.ವಿ. ತುಂಬಲೆಂದು ಚಿತ್ರದ ಮೇಲಷ್ಟು ಕೆಳಗಷ್ಟು ಕತ್ತರಿಸಿಬಿಟ್ಟಿದ್ದರು. ಚೌಕಟ್ಟಿಗೆ ಹಿಡಿಸಲಿಲ್ಲವೆಂದು ಗ್ರೂಪ್ ಫೋಟೋದಲ್ಲಿ ಹಿಂದಿನ ಸಾಲಿನ ಚಿಕ್ಕಪ್ಪಂದಿರ ತಲೆ ಹಾರಿಸಿದ ಹಾಗೆ. ಅದಕ್ಕೂ ಮೊದಲು, ಮಿಯಾಜಾಕಿ ಅವರ 1984ರ 'ನೌಸಿಕಾ'ದಿಂದ ಸುಮಾರು 22 ನಿಮಿಷ ತೆಗೆದುಹಾಕಿ, ನಾಯಕಿಯ ಹೆಸರನ್ನೂ ಬದಲಿಸಿ, 1985ರಲ್ಲಿ ಅಮೆರಿಕದಲ್ಲಿ ತೋರಿಸಿದ್ದರು. ಆ ನೋವು ಅವರಿಗೆ ಎಷ್ಟಿತ್ತೆಂದರೆ, ಮುಂದೆ 'ಪ್ರಿನ್ಸೆಸ್ ಮೊನೊನೊಕೆ' ಅಮೆರಿಕಕ್ಕೆ ಹೋಗುವಾಗ ಅವರ ನಿರ್ಮಾಪಕರು ಅಲ್ಲಿನ ಕಂಪನಿಯವರಿಗೆ ಜಪಾನಿ ಕತ್ತಿಯೊಂದನ್ನು ಉಡುಗೊರೆ ಕೊಟ್ಟು, ಒಂದು ಚೂರೂ ಕತ್ತರಿಸಕೂಡದು ಎಂದರಂತೆ.

ಎಲ್ಲಕ್ಕಿಂತ ದೊಡ್ಡ ಜಗಳ ಡಬ್ಬಿಂಗಿನದು. ಕನ್ನಡಿಗರಿಗೆ ಇದು ಹೊಸದೇ? ನಾವು ಚಿಕ್ಕವರಿದ್ದಾಗಿನಿಂದ ಕೇಳಿದ್ದೇವೆ. 2020ರ ಲಾಕ್‌ಡೌನಿನಲ್ಲಿ ಹಿಂದಿಯ ಮಹಾಭಾರತ ಕನ್ನಡದಲ್ಲಿ ಮಾತಾಡತೊಡಗಿದಾಗ ಬೇಕು ಅಂದವರೂ ಇದ್ದರು, ಬೇಡ ಅಂದವರೂ ಇದ್ದರು. ನಮ್ಮ ಮಗ ಬೇಡದ ಪಕ್ಷ. ಜಪಾನಿ ದನಿಯೇ ಕೇಳಬೇಕು, ಕೆಳಗೆ ಬರುವ ಇಂಗ್ಲಿಷ್ ಅಕ್ಷರ ಓದಿಕೊಳ್ಳಬೇಕು. "ಇಂಗ್ಲಿಷ್ ದನಿ ಹಾಕಿದರೆ ಅದು ಚಿತ್ರವೇ ಅಲ್ಲ" ಅನ್ನುತ್ತಾನೆ.

ಒಂದು ಸಂಜೆ ನಮ್ಮ ಅತ್ತೆಯವರು ಅವನ ಪಕ್ಕ ಬಂದು ಕೂತರು. ಎಂಬತ್ತೆರಡು ವರ್ಷ. ಕನ್ನಡವನ್ನೇ ಕನ್ನಡಕವಿಲ್ಲದೆ ಓದಲಾಗದು. ಅವನು ಹಾಕಿದ್ದು 'ಮೈ ನೇಬರ್ ಟೊಟೊರೊ', 1988ರದ್ದು. ಆಸ್ಪತ್ರೆಯಲ್ಲಿರುವ ತಾಯಿಗೆ ಹತ್ತಿರವಾಗಲೆಂದು ಹಳ್ಳಿಗೆ ಬಂದ ಅಕ್ಕ ತಂಗಿಯರ ಕತೆ.

"ಏನಂತೋ ಮಗಾ ಆ ಮಗು?" ಅತ್ತೆ ಕೇಳಿದರು.

"ಅಮ್ಮ ಯಾವಾಗ ಮನೆಗೆ ಬರ್ತಾಳೆ ಅಂತಿದೆ ಅಜ್ಜಿ."

"ಅಕ್ಕ ಏನಂದಳು?"

"ಬೇಗ ಬರ್ತಾಳೆ ಅಂದ್ಲು."

ಹೀಗೇ ಒಂದೂವರೆ ಗಂಟೆ ಸಾಲುಸಾಲಿಗೂ ಕನ್ನಡ ಹೇಳಿದ. ಮಗುವಿಗೆ ಸಣ್ಣ ದನಿ, ಅಪ್ಪನಿಗೆ ದಪ್ಪ ದನಿ. ಚಿಕ್ಕ ಹುಡುಗಿ ಮುಸುಕಿನ ಜೋಳದ ತೆನೆ ಹಿಡಿದು ತಾಯಿಗೆ ಕೊಡಲು ಒಬ್ಬಳೇ ಹೊರಟು ದಾರಿ ತಪ್ಪಿದಾಗ ಅತ್ತೆಯವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಕೊನೆಯಲ್ಲಿ ಆ ತೆನೆ ಆಸ್ಪತ್ರೆಯ ಕಿಟಕಿಯಲ್ಲಿ ಕಂಡಾಗ, "ಸದ್ಯ, ತಲುಪಿತು" ಅಂದರು.

ಮಾರನೇ ಭಾನುವಾರ ಡಬ್ಬಿಂಗ್ ಜಗಳ ಎದ್ದಾಗ ನಾನು ಹೂ ಕಟ್ಟುತ್ತಲೇ, "ಮೊನ್ನೆ ಅಜ್ಜಿಗೆ ನೀನು ಮಾಡಿದ್ದೇನಪ್ಪಾ?" ಅಂದೆ. ಅವಲಕ್ಕಿ ಬಾಯಲ್ಲಿತ್ತು, ಉತ್ತರ ಬರಲಿಲ್ಲ. ನನ್ನ ಅಭಿಪ್ರಾಯ ಇಷ್ಟೇ. ಮೂಲ ದನಿ ಇರಬೇಕು, ಅದನ್ನು ಅಳಿಸಕೂಡದು. ಆದರೆ ಓದಲು ಬಾರದವರಿಗೂ ಕತೆ ತಲುಪಬೇಕು. ಒಂದೇ ಡಿಸ್ಕಿನಲ್ಲಿ ಎರಡೂ ಇಡಬಹುದಂತೆ. ಹಾಗಾದರೆ ಜಗಳ ಯಾಕೆ?

ಈಗ ಸಂಬಂಧದ ವಿಷಯ. ಮಾಘ ಮಾಸದಲ್ಲಿ ಹುಡುಗಿಯ ಕಡೆಯವರು ಮನೆ ನೋಡಲು ಬಂದರು. ಎಲ್ಲ ಒಪ್ಪಿಗೆಯಾದ ಹಾಗಿತ್ತು. ಹುಡುಗಿಯ ಸೋದರತ್ತೆ ಗಾಜಿನ ಬೀರು ನೋಡಿ, "ಮನೇಲಿ ಚಿಕ್ಕ ಮಕ್ಕಳಿದ್ದಾರಾ?" ಅಂದರು. ಇವನು ಹೆಮ್ಮೆಯಿಂದ, "ಇಲ್ಲ, ಎಲ್ಲಾ ನನ್ನದೇ" ಅಂದ. ಹತ್ತು ದಿನಕ್ಕೆ ಮಧ್ಯಸ್ಥರ ಮೂಲಕ ಮಾತು ಬಂತು: ಹುಡುಗ ಒಳ್ಳೆಯವನೇ, ಆದರೆ ಇನ್ನೂ ಆಟದ ಬುದ್ಧಿ ಹೋಗಿಲ್ಲ.

ನಮ್ಮವರು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಮೂರನೇ ದಿನ, "ಅದನ್ನೆಲ್ಲ ಮಾರಿಬಿಡಲಿ. ಬೇಕಾದರೆ ಅದೆಲ್ಲ ಮೊಬೈಲಿನಲ್ಲೇ ಬರುತ್ತಲ್ಲ" ಅಂದರು. ಮಗ ಎದುರುತ್ತರ ಕೊಡಲಿಲ್ಲ. "ಮಾರಿದರೆ ಮದುವೆಯಾಗುತ್ತೆ ಅಂದರೆ ಮಾರ್ತೀನಿ ಅಪ್ಪ" ಅಂತ ಸಣ್ಣಗೆ ಹೇಳಿ ಎದ್ದುಹೋದ. ಅದೇ ನನಗೆ ತಡೆಯಲಾಗಲಿಲ್ಲ.

ನಾನು ನಮ್ಮವರ ಮುಂದೆ ಲೆಕ್ಕ ಇಟ್ಟೆ. ಮೊದಲನೆಯದು, ಮೊಬೈಲಿನಲ್ಲಿ ಬರುತ್ತದೆ ಅನ್ನುವುದು ಪೂರಾ ನಿಜವಲ್ಲ. ಅಮೆರಿಕದ ಒಂದು ಸಂಸ್ಥೆ 2023ರಲ್ಲಿ ಲೆಕ್ಕ ಹಾಕಿದಾಗ, ಅಲ್ಲಿ ಬಂದಿದ್ದ ಹಳೇ ವಿಡಿಯೋ ಗೇಮುಗಳಲ್ಲಿ ನೂರಕ್ಕೆ 87 ಈಗ ಅಂಗಡಿಯಲ್ಲಿ ಸಿಗುವುದೇ ಇಲ್ಲವೆಂದು ತಿಳಿಯಿತು. 2024ರ ಏಪ್ರಿಲ್‌ನಲ್ಲಿ 'ಫ್ಯೂನಿಮೇಷನ್' ಎಂಬ ಆನಿಮೆ ಸೇವೆ ಮುಚ್ಚಿದಾಗ, ಡಿಸ್ಕಿನ ಜತೆ ಅಲ್ಲಿ ಪ್ರತಿ ಪಡೆದಿದ್ದವರ ಖಾತೆಯೆಲ್ಲ ಖಾಲಿಯಾಯಿತು. ಬೀರುವಿನಲ್ಲಿ ಡಿಸ್ಕಿದ್ದವರಿಗೆ ಮಾತ್ರ ಚಿತ್ರ ಉಳಿಯಿತು. ರಸೀದಿ ತಂತಿಗೆ ಚುಚ್ಚಿಡುವವರಿಗೆ ಇದು ಅರ್ಥವಾಗಬೇಡವೇ?

ಎರಡನೆಯದು, ಇದು ಬರೀ ಗಂಡುಹುಡುಗರ ಆಟಿಕೆ ಎನ್ನುವ ಮಾತು. 1980ರಲ್ಲಿ ಬಂದ 'ಪ್ಯಾಕ್-ಮ್ಯಾನ್' ಮಾಡಿದ ಇವಾತಾನಿ ಎಂಬ ಜಪಾನಿ, ಗಂಡಸರೇ ತುಂಬಿದ್ದ ಆಟದಂಗಡಿಗೆ ಹೆಂಗಸರೂ ಬರಲೆಂದು ಯೋಚಿಸಿ, ತಿನ್ನುವುದನ್ನೇ ಆಟ ಮಾಡಿದರು. ಅದೇ ವರ್ಷ ಅಮೆರಿಕದ ರಾಬರ್ಟಾ ವಿಲಿಯಮ್ಸ್ ಎಂಬ ಗೃಹಿಣಿ, ಇಬ್ಬರು ಮಕ್ಕಳ ತಾಯಿ, ಅಡಿಗೆಮನೆಯ ಮೇಜಿನ ಮೇಲೆ ಕಾಗದ ಹರಡಿಕೊಂಡು 'ಮಿಸ್ಟರಿ ಹೌಸ್' ಎಂಬ ಆಟದ ಕತೆ, ಚಿತ್ರ ಹೊಸೆದರು. ಗಂಡ ಅದನ್ನು ಕಂಪ್ಯೂಟರಿಗೆ ಇಳಿಸಿದರು. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮಾರಿದ ಆ ಆಟದಿಂದ ದೊಡ್ಡ ಕಂಪನಿಯೇ ಬೆಳೆಯಿತು.

ಮೂರನೆಯದು ದುಡ್ಡು. ಅದನ್ನು ಕೇಳುವ ಹಕ್ಕು ಬರುವ ಸೊಸೆಗೆ ಖಂಡಿತ ಇದೆ. ಮಗನಿಂದ ಪುಸ್ತಕ ತರಿಸಿದೆ. ತಿಂಗಳಿಗೆ ಇಷ್ಟೇ ಎಂದು ತೆಗೆದಿಟ್ಟು, ಬಿಡಿಗಾಸಿನವರೆಗೂ ಬರೆದಿದ್ದ. ಅಪ್ಪನ ಮಗನೇ! ನಮ್ಮವರು ಪುಟ ತಿರುಗಿಸಿ ನೋಡಿ, ಒಂದು ಕಡೆ ಕೂಡುವುದರಲ್ಲಿ ನಾಲ್ಕು ರೂಪಾಯಿ ತಪ್ಪಿದೆ ಅಂತ ತೋರಿಸಿದರು. ಅಲ್ಲಿಗೆ ಮಾರುವ ಮಾತು ನಿಂತಿತು.

ಒಂದು ಕಟ್ಟುಪಾಡು ಮಾತ್ರ ನಾನು ಹಾಕಿದೆ. ಬೀರು ಒಂದೇ, ಅದು ತುಂಬಿದ ಮೇಲೆ ಹೊಸದು ಒಳಗೆ ಬಂದರೆ ಹಳೆಯದೊಂದು ಹೊರಗೆ ಹೋಗಬೇಕು. ಒಪ್ಪಿದ್ದಾನೆ.

ಹಾಗೆಯೇ, ಮನೆಯಲ್ಲಿ ಡಿಸ್ಕು ಇರುವವರಿಗೆ ಎರಡು ಮಾತು. ಮದುವೆಯ ಸಿ.ಡಿ. ಆದರೂ ಸರಿ, ಅಂಚು ಮತ್ತು ನಡುವಿನ ತೂತು ಹಿಡಿದೇ ಎತ್ತಿ. ಒರೆಸುವಾಗ ಮೆತ್ತನೆ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ತಟ್ಟೆ ಒರೆಸಿದ ಹಾಗೆ ಸುತ್ತಬೇಡಿ. ಒಂದರ ಮೇಲೊಂದು ಹೇರದೆ, ಡಬ್ಬಿಯಲ್ಲಿಟ್ಟು ಪುಸ್ತಕದ ಹಾಗೆ ನಿಲ್ಲಿಸಿಡಿ. ಬಿಸಿಲು, ತೇವ ಎರಡೂ ಆಗದು. ಆಟದ ಕ್ಯಾಸೆಟ್ಟಿಗೆ ಬಾಯಿಂದ ಉಫ್ ಎಂದು ಊದಬೇಡಿ. ಎಂಜಲಿನ ತೇವಕ್ಕೆ ಒಳಗಿನ ಲೋಹ ಕಿಲುಬು ಹಿಡಿಯುತ್ತದೆ. ಎತ್ತಿಡುವ ಆಟಿಕೆಗಳಿಂದ ಸೆಲ್ ತೆಗೆದುಬಿಡಿ.

ಮುಂದಿನ ತಿಂಗಳು ಇನ್ನೊಂದು ಕಡೆಯವರು ಬರುವವರಿದ್ದಾರೆ. ಗಾಜಿಗೆ ಪರದೆ ಹಾಕೋಣವೇ ಅಂತ ನಮ್ಮವರು ಕೇಳಿದರು. ಬೇಡ ಅಂದೆ. ಹುಡುಗ ಇರುವುದು ಹೀಗೆ, ನೋಡಿಯೇ ಒಪ್ಪಲಿ. ಹುಡುಗಿಗೂ ಏನಾದರೂ ಹುಚ್ಚಿದ್ದರೆ ನಾಚದೆ ಹೇಳಲಿ. ಪಕ್ಕದಲ್ಲಿ ನನ್ನದೇ ಇನ್ನೊಂದು ಬೀರು ಇದೆ, ಅರ್ಧ ಖಾಲಿ ಮಾಡಿಕೊಡುತ್ತೇನೆ.