ಗ್ಲೆನೇಡ್ ಸರೋವರದ ನೀರುನಾಯಿ

ಐರ್ಲೆಂಡಿನ ವಾಯವ್ಯಕ್ಕೆ ಲೀಟ್ರಿಮ್ ಎಂಬ ಪ್ರಾಂತವಿರುವುದು. ಅಲ್ಲಿ ಮ್ಯಾನರ್‌ಹ್ಯಾಮಿಲ್ಟನ್ ಪಟ್ಟಣದಿಂದ ಕಿನ್‌ಲಾಕ್ ಗ್ರಾಮಕ್ಕೆ ಹೋಗುವ ರಸ್ತೆಯು ಪುರಾತನ ಹಿಮನದಿ ಕೊರೆದ ಕಣಿವೆಯೊಂದನ್ನು ಹಾಯ್ದು ಸಾಗುವುದು. ಇಕ್ಕೆಲಗಳಲ್ಲಿ ಸುಣ್ಣಕಲ್ಲಿನ ಕಡಿದಾದ ಬೆಟ್ಟಗಳು. ನಡುವೆ ಗ್ಲೆನೇಡ್ ಎಂಬ ಚಿಕ್ಕ ಸರೋವರ. ಬಾನೆಟ್ ನದಿಗೆ ಇದೇ ಉಗಮಸ್ಥಾನ.

ಈ ಜಲದಲ್ಲಿ 'ದೋವರ್‌ಖೂ' ಎಂಬ ಘೋರಜಂತುವಿತ್ತೆಂದು ಅಲ್ಲಿಯವರ ಐತಿಹ್ಯ. 'ದೋವರ್' ಎಂದರೆ ನೀರು, 'ಕೂ' ಎಂದರೆ ನಾಯಿ. ಸಮಾಸದಲ್ಲಿ ಕಕಾರವು ಖಕಾರದಂತೆ ಕೇಳಿಸುವುದು. ಸಂಸ್ಕೃತದ 'ಶ್ವನ್' ಶಬ್ದಕ್ಕೂ ಈ 'ಕೂ'ಗೂ ಮೂಲವೊಂದೇ ಎಂಬುದು ಭಾಷಾಶಾಸ್ತ್ರಜ್ಞರ ಮತ. ಇನ್ನೂ ಸೋಜಿಗವೆಂದರೆ, ಐರಿಷ್ ಭಾಷೆಯಲ್ಲಿ ಮೀನು ತಿಂದು ಬದುಕುವ ಸಾಧು ನೀರುನಾಯಿಗೂ ಇದೇ ಹೆಸರು. ತುಂಗಭದ್ರೆಯ ದಡದ ನಮ್ಮವರಿಗೆ ತೋಚಿದ ಹೆಸರೇ ಅವರಿಗೂ ತೋಚಿತು!

ಕಿನ್‌ಲಾಕ್ ಕಡೆಗಿರುವ ಕಾನ್‌ವಾಲ್ ಶ್ಮಶಾನದಲ್ಲಿ ಒಂದು ಗೋರಿಕಲ್ಲುಂಟು. ಟೆರೆನ್ಸ್ ಮ್ಯಾಕ್‌ಲಾಕ್ಲಿನ್ ಎಂಬಾತನ ಪತ್ನಿ ಗ್ರೇಸ್, 1722ನೆಯ ಸೆಪ್ಟೆಂಬರ್ 24ರಂದು ಮೃತಳಾದಳೆಂದು ಅದರ ಬರಹ. ಆಕೆಯ ತವರಿನ ಹೆಸರು 'ಕಾನ್' ಎಂಬಲ್ಲಿಗೇ ನಿಂತಿದೆ. ಅದು ಕಾನೋಲಿ ಇರಬೇಕೆಂದು ಜನರು ಪೂರ್ತಿಮಾಡಿಕೊಂಡಿರುವರು. ಮರಣಕ್ಕೆ ಕಾರಣವೇನೆಂದು ಅಕ್ಷರಗಳು ಹೇಳುವುದಿಲ್ಲ. ಆದರೆ ಕಲ್ಲಿನ ಮೇಲೆ ನಾಯಿಯ ಮೈಯುಳ್ಳ ಪ್ರಾಣಿಯೊಂದು ಕತ್ತನ್ನು ಹಿಂದಕ್ಕೆ ಚೆಲ್ಲಿ ಬಿದ್ದಿದೆ. ಮುಷ್ಟಿಯೊಂದು ಹಿಡಿದ ಆಯುಧ ಅದರ ಕತ್ತನ್ನು ಇರಿದಿದೆ.

ಉಳಿದುದನ್ನು ಕಥೆ ಹೇಳುವುದು. ಬಟ್ಟೆ ಒಗೆಯಲು ಸರೋವರಕ್ಕೆ ಹೋದ ಗ್ರೇಸ್ ಹಿಂದಿರುಗಲಿಲ್ಲ. ಅರಸಿಹೋದ ಗಂಡನು ಕಂಡುದು ರಕ್ತಸಿಕ್ತವಾದ ಶವವನ್ನು, ಅದರ ಮೇಲೆಯೇ ಮಲಗಿದ್ದ ಮೃಗವನ್ನು. ಆತನು ಕಠಾರಿಯಿಂದ ಇರಿದನು. ಅದು ಸಾಯುತ್ತ ಸಿಳ್ಳಿನಂತೆ ಕೂಗಿತು. ಅದರ ಜೊತೆಯ ಮೃಗ ನೀರಿನಿಂದೆದ್ದು ಬಂದಿತು. ಆತನು ಕುದುರೆಯೇರಿ ಓಡಿದನು. ನೆರೆಯ ಸ್ಲೈಗೋ ಪ್ರಾಂತದಲ್ಲಿ, ಬೆನ್‌ಬುಲ್ಬೆನ್ ಬೆಟ್ಟದ ತಪ್ಪಲಿನಲ್ಲಿ, ಕುದುರೆಯನ್ನು ಅಡ್ಡ ನಿಲ್ಲಿಸಿ ಅದನ್ನೂ ಕೊಂದನೆಂದು ಹೇಳುವರು.

ನೀರುನಾಯಿಯ ತೂಕ ಸುಮಾರು 10 ಕಿಲೋಗ್ರಾಂ. ಅಂಥ ಪ್ರಾಣಿ ಬೆಳೆದ ಹೆಂಗಸನ್ನು ಕೊಂದಿತೆಂದರೆ ನಂಬುವುದು ನನಗಂತೂ ಕಷ್ಟ. ಆದರೂ ಆ ಸಿಳ್ಳನ್ನು ಕವಿಕಲ್ಪನೆಯೆಂದು ತಳ್ಳುವಂತಿಲ್ಲ. ನೀರುನಾಯಿಗಳು ಒಂದನ್ನೊಂದು ಕರೆಯುವುದು ನಿಜಕ್ಕೂ ಸಿಳ್ಳಿನಿಂದಲೇ. ಕಥೆ ಕಟ್ಟಿದವರು ಆ ನೀರಿನ ದಡದಲ್ಲಿ ಬಾಳಿದವರೆಂಬುದು ಇದರಿಂದಲೇ ತಿಳಿಯುವುದು. ಮೇಲಾಗಿ, ಗೋರಿಕಲ್ಲನ್ನು ಯಾರೂ ವಿನೋದಕ್ಕಾಗಿ ಕೆತ್ತಿಸುವುದಿಲ್ಲ. ತೀರಿಹೋದ ಗೃಹಿಣಿಯ ಹೆಸರನ್ನೇ ಅರ್ಧಕ್ಕೆ ನಿಲ್ಲಿಸಿದ ಶಿಲ್ಪಿಯು ಆ ಮೃಗಕ್ಕಾಗಿ ಕಲ್ಲಿನಲ್ಲಿ ಇಷ್ಟೊಂದು ಸ್ಥಳ ಬಿಟ್ಟಿರುವನು.