ಬೆಂಗಳೂರಿಗೆ ಬಂದ ರೋವರ್ಸ್ ಕಪ್

ಮೈಸೂರು ಸಂಸ್ಥಾನದ 1930ರ ದಶಕದ ಕೊನೆಯ ವರ್ಷಗಳನ್ನು ನಮ್ಮ ಚರಿತ್ರೆಗಳು ಮುಖ್ಯವಾಗಿ ಮೂರು ಊರುಗಳ ಹೆಸರಿನಲ್ಲಿ ನೆನೆಯುತ್ತವೆ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದ ಧ್ವಜ ಸತ್ಯಾಗ್ರಹ. ಅದೇ ತಿಂಗಳ 25ರಂದು ವಿದುರಾಶ್ವತ್ಥದ ಗೋಲೀಬಾರು. 1939ರಲ್ಲಿ ಚಿತ್ರದುರ್ಗ ಸೀಮೆಯ ತುರುವನೂರಿನಲ್ಲಿ ಎಸ್. ನಿಜಲಿಂಗಪ್ಪನವರ ಮುಂದಾಳುತನದಲ್ಲಿ ಈಚಲು ಮರಗಳನ್ನು ಕಡಿದ ಸತ್ಯಾಗ್ರಹ. ಈ ನೆನಪು ಯೋಗ್ಯವಾದುದೇ. ಆದರೆ ಇದೇ ವರ್ಷಗಳಲ್ಲಿ ಬೆಂಗಳೂರಿನ ಒಂದು ಕಾಲ್ಚೆಂಡಿನ ತಂಡವು ಆಂಗ್ಲ ಸೈನ್ಯದ ಪಡೆಗಳ ವಶದಲ್ಲಿಯೇ ಇದ್ದ ಒಂದು ಬಹುಮಾನವನ್ನು ಗೆದ್ದು ತಂದಿತೆಂಬುದು ಈ ಪುಟಗಳ ಅಂಚಿನಲ್ಲಿಯೂ ಕಾಣಸಿಗುವುದು ಅಪರೂಪ.

ಆ ತಂಡದ ಹೆಸರು ಬೆಂಗಳೂರು ಮುಸ್ಲಿಮ್ಸ್. ಬಹುಮಾನ, ಮುಂಬಯಿಯ ರೋವರ್ಸ್ ಕಪ್. 1891ರಲ್ಲಿ ಆರಂಭವಾದ ಈ ಪಂದ್ಯಾವಳಿಯನ್ನು ಮೊದಲ ವರ್ಷ ಗೆದ್ದದ್ದು ವೂಸ್ಟರ್ ರೆಜಿಮೆಂಟ್. ಅಲ್ಲಿಂದ ಮುಂದೆ ಒಂದು ಪಡೆಯಿಂದ ಇನ್ನೊಂದು ಪಡೆಗೆ ಕಪ್ ಕೈ ಬದಲಾಯಿಸುತ್ತಿತ್ತೇ ಹೊರತು ದೇಶೀಯರ ಕೈಗೆ ಬರಲಿಲ್ಲ. 1911ರಲ್ಲಿ ಬರಿಗಾಲಿನ ಮೋಹನ್ ಬಾಗಾನ್ ತಂಡವು ಕಲ್ಕತ್ತೆಯ ಐ.ಎಫ್.ಎ. ಶೀಲ್ಡನ್ನು ಈಸ್ಟ್ ಯಾರ್ಕ್‌ಶೈರ್ ಪಡೆಯಿಂದ 2-1ರಲ್ಲಿ ಗೆದ್ದಾಗ ದೇಶವೇ ಅದನ್ನು ಕೊಂಡಾಡಿತು. ಅದೇ ತಂಡ 1923ರಲ್ಲಿ ಮುಂಬಯಿಗೆ ಬಂದು ರೋವರ್ಸ್ ಫೈನಲ್ಲಿನಲ್ಲಿ ಸೋತು ಹಿಂದಿರುಗಿತು.

1937ರಲ್ಲಿ ಬೆಂಗಳೂರಿನವರು ಫೈನಲ್ಲಿಗೆ ಬಂದಾಗ ಎದುರಿಗಿದ್ದುದು ಸೈನ್ಯದ ಪಡೆಯಲ್ಲ, ಕಲ್ಕತ್ತೆಯ ಮಹಮ್ಮಡನ್ ಸ್ಪೋರ್ಟಿಂಗ್. 1934ರಿಂದ ಒಂದು ವರ್ಷವೂ ಬಿಡದೆ ಕಲ್ಕತ್ತಾ ಲೀಗನ್ನು ಗೆಲ್ಲುತ್ತ ಬಂದಿದ್ದ ತಂಡವದು. 1936ರಲ್ಲಿ ಶೀಲ್ಡನ್ನೂ ಪಡೆದಿತ್ತು. ಮಳೆಗೆ ನೆನೆದ ಮೈದಾನದಲ್ಲಿ ಬೂಟು ತೊಟ್ಟು ಆಡುವ ರೂಢಿಯನ್ನು ದೇಶೀಯ ಆಟಗಾರರಲ್ಲಿ ಬೆಳೆಸಿದವರಲ್ಲಿ ಅವರೂ ಮುಂಚೂಣಿಯವರು. ಅವರ ಏಳಿಗೆಯಲ್ಲಿ ಬೆಂಗಳೂರಿನಿಂದ ಕರೆಸಿಕೊಂಡ ಆಟಗಾರರ ಪಾಲೂ ಇತ್ತೆಂಬುದನ್ನು ಇಲ್ಲಿ ಮರೆಯಬಾರದು. ತನ್ನ ಮಕ್ಕಳನ್ನು ಕೊಟ್ಟು ಬಲಗೊಳಿಸಿದ ತಂಡವನ್ನೇ ಬೆಂಗಳೂರು ಎದುರಿಸಬೇಕಾಯಿತು. ಗೆಲುವು ಒಂದೇ ಗೋಲಿನದು, 1-0. ರೋವರ್ಸ್ ಕಪ್ಪನ್ನು ಪಡೆದ ಮೊದಲ ಭಾರತೀಯ ತಂಡ ಎಂಬ ಕೀರ್ತಿ ಹೀಗೆ ಕಲ್ಕತ್ತೆಗೆ ತಪ್ಪಿ ಬೆಂಗಳೂರಿಗೆ ಸಂದಿತು.

ಮರುವರ್ಷದ ಫೈನಲ್ಲು ಬೇರೊಂದು ಬಗೆಯದು. ಸ್ಕಾಟ್‌ಲೆಂಡಿನ ಆರ್ಗೈಲ್ ಅಂಡ್ ಸದರ್ಲ್ಯಾಂಡ್ ಹೈಲ್ಯಾಂಡರ್ಸ್ ಪಡೆಯ ವಿರುದ್ಧ ಬೆಂಗಳೂರು 3-2ರಲ್ಲಿ ಗೆದ್ದಿತು. ಮೊದಲ ವರ್ಷದ ಗೆಲುವನ್ನು ದೇಶೀಯರೊಳಗಿನ ಮೇಲಾಟವೆಂದು ಬದಿಗಿಡಲು ಹೊರಟವರಿಗೆ ಇದು ತಕ್ಕ ಉತ್ತರ. ಇನ್ನು ಮೂರು-ನಾಲ್ಕು ವರ್ಷಗಳಲ್ಲಿ ಅದೇ ರೆಜಿಮೆಂಟಿನ ಒಂದು ದಳವು ಮಲಯದ ಕಾಡುಗಳಲ್ಲಿ ಜಪಾನೀಯರೆದುರು ನುಚ್ಚುನೂರಾಗಲಿತ್ತು. 1938ರಲ್ಲಿ ಅದನ್ನು ಯಾರು ಊಹಿಸಿಯಾರು!

ಇಷ್ಟೆಲ್ಲ ನಡೆದೂ ಈ ತಂಡ ಕನ್ನಡದ ನೆನಪಿನಲ್ಲಿ ಏಕೆ ನಿಲ್ಲಲಿಲ್ಲ? ಒಂದು ಕಾರಣ ಆಡಳಿತದ ಗೆರೆ. ಬೆಂಗಳೂರಿನ ಕಾಲ್ಚೆಂಡಿನ ತವರು ಪೇಟೆಯಲ್ಲ, ದಂಡು. 1881ರಲ್ಲಿ ರಾಜ್ಯವು ಒಡೆಯರಿಗೆ ಮರಳಿದಾಗಲೂ ದಂಡು ಪ್ರದೇಶವನ್ನು ಬ್ರಿಟಿಷರು ತಮ್ಮ ಆಡಳಿತಕ್ಕೇ ಇರಿಸಿಕೊಂಡರು. ಅದು ಮೈಸೂರಿಗೆ ಹಿಂದಿರುಗಿದ್ದು 1947ರಲ್ಲಿ. ಅಲ್ಲಿನ ಬೀದಿಗಳ ಮಾತು ಉರ್ದು, ತಮಿಳು, ಇಂಗ್ಲಿಷು. 1936ರಲ್ಲಿ ‘ಕಾನೂರು ಹೆಗ್ಗಡಿತಿ’ ಪ್ರಕಟವಾದ ಕಾಲದ ಕನ್ನಡ ಸಾಹಿತ್ಯ ಮಲೆನಾಡನ್ನೂ ಕರಾವಳಿಯನ್ನೂ ಆಳವಾಗಿ ಅರಿತಿತ್ತು. ದಂಡಿನ ಮೈದಾನದ ಅಂಚಿನಲ್ಲಿ ನಿಂತು ನೋಡುವ ಅವಕಾಶ ಅದಕ್ಕೆ ಹೆಚ್ಚು ಒದಗಲಿಲ್ಲ.

ಇನ್ನೊಂದು ಕಾರಣ ಹೆಸರೇ ಇರಬೇಕು. ಮತದ ಹೆಸರನ್ನು ಹೊತ್ತ ತಂಡವನ್ನು ಇಂದಿನ ಓದುಗ ಒಂದು ಮತದ ತಂಡವೆಂದೇ ಎಣಿಸಿ ಮುಂದೆ ಸಾಗುತ್ತಾನೆ. ಆದರೆ ಅದು ಆ ಕಾಲದ ವಾಡಿಕೆ. ಮುಂಬಯಿಯ ಕ್ರಿಕೆಟ್ಟಿನಲ್ಲಿ ಹಿಂದೂಗಳು, ಪಾರ್ಸಿಗಳು, ಮುಸ್ಲಿಮರು, ಐರೋಪ್ಯರು ಎಂದೇ ತಂಡಗಳಿದ್ದವು. 1937ರಲ್ಲಿ ಉಳಿದವರೆಲ್ಲರನ್ನೂ ಕೂಡಿಸಿ ಐದನೆಯದೊಂದು ತಂಡವೂ ಸೇರಿತು. ಮತಕ್ಕೂ ಆಟಕ್ಕೂ ಗಂಟುಹಾಕಿದ ಈ ಏರ್ಪಾಡನ್ನು ಗಾಂಧೀಜಿ ಮುಂದೆ 1940ರಲ್ಲಿ ಬಹಿರಂಗವಾಗಿ ಒಪ್ಪದೆ ಹೋದರು, ಅದು ಸರಿಯೇ. ಆದರೂ 1937ರ ಫೈನಲ್ಲನ್ನು ಹೆಸರುಗಳ ಮೇಲೆ ಓದಲು ಹೊರಟರೆ ಅರ್ಥವೇ ಹುಟ್ಟುವುದಿಲ್ಲ. ಎರಡೂ ಕಡೆ ಒಂದೇ ಹೆಸರಿತ್ತು. ಸೆಣಸಿದ್ದು ಬೆಂಗಳೂರು ಮತ್ತು ಕಲ್ಕತ್ತೆ.

ಆ ಸೆಣಸು ಅಲ್ಲಿಗೆ ಮುಗಿಯಲೂ ಇಲ್ಲ. ಯುದ್ಧ ಆರಂಭವಾದ ಮೇಲೆ, 1940ರಲ್ಲಿ, ಅವೆರಡೇ ತಂಡಗಳು ರೋವರ್ಸ್ ಫೈನಲ್ಲಿನಲ್ಲಿ ಮತ್ತೆ ಎದುರಾದವು. ಅದೇ 1-0. ಈ ಬಾರಿ ಗೋಲು ಕಲ್ಕತ್ತೆಯವರದು.

1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತದ ತಂಡವು ಫ್ರಾನ್ಸಿನೆದುರು 1-2ರಲ್ಲಿ ಸೋತಿತು. ಭಾರತಕ್ಕೆ ದೊರೆತ ಆ ಒಂದು ಗೋಲನ್ನು, ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ದೇಶದ ಮೊತ್ತಮೊದಲನೆಯದನ್ನು, ಹೊಡೆದವರು ಮೈಸೂರಿನ ಪರ ಆಡುತ್ತಿದ್ದ ಸಾರಂಗಪಾಣಿ ರಾಮನ್. ಆ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು, ಧನರಾಜ್ ಇದ್ದರು, ಬಷೀರ್ ಇದ್ದರು.